ಬಂಗಡೆ ಲಿಲಾವಿನ ಶಾಟ್ ಕ್ಲಾಕ್

ಕಾಳಿ ನದಿಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಂಕೋಲೆಯಲ್ಲಿ ಹುಡುಗಿಯರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್, ಅಂಕೋಲೆಗೂ ನಮ್ಮ ಕಾರವಾರಕ್ಕೂ. ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಅದನ್ನು ತೋರಿಸುವ ಶಾಟ್ ಕ್ಲಾಕೇ ಕೆಟ್ಟಿತು. ಕಾರವಾರ ಬಂದರದಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವ ನನ್ನಂಥ ಗಂಟಲು ಜಿಲ್ಲೆಯಲ್ಲೇ ಇಲ್ಲವಲ್ಲ, ಎಣಿಸಲು ನನ್ನನ್ನೇ ಕೂರಿಸಿದರು.

ಕೊನೆಯ ನಿಮಿಷ. ಒಂದು ಪಾಯಿಂಟ್ ಮುಂದಿದ್ದ ಅಂಕೋಲೆಯವರು ಚೆಂಡನ್ನು ಆಚೀಚೆ ಕೊಡುತ್ತ ಹೊತ್ತು ಕಳೆಯುತ್ತಿದ್ದರು. ಒಂದರಿಂದ ಎಣಿಸುತ್ತಿದ್ದ ನನ್ನ ಬಾಯಿ ಬಂಗಡೆ ಮೀನಿನ ಲಿಲಾವಿನ ವೇಗ ಹಿಡಿಯಿತು.

"ಮಾಮಾ, ನಿಧಾನ! ನಾವೇನು ಮೀನಾ, ಕೆಟ್ಟುಹೋಗೂಕೆ?" ಎಂದು ಅವರ ಕ್ಯಾಪ್ಟನ್ ಕಿರುಚಿದಳು.

"ಇಪ್ಪತ್ತೆರಡು!" ಎಂದೆ.

ಗಾಬರಿಯಲ್ಲಿ ಎಸೆದಳು, ತಪ್ಪಿತು. ಚೆಂಡು ನಮ್ಮ ಕಾರವಾರದವರಿಗೆ ಸಿಕ್ಕಿತು. ನ್ಯಾಯ ಅಂದರೆ ನ್ಯಾಯ, ಅವರಿಗೂ ಅದೇ ವೇಗ! ಅವರೂ ಗಾಬರಿಯಲ್ಲಿ ಎಸೆದು ತಪ್ಪಿದರು. ಅಷ್ಟರಲ್ಲಿ ಆಟದ ಹೊತ್ತು ಮುಗಿದು ಅಂಕೋಲೆ ಗೆದ್ದಿತು. ಗೆದ್ದ ಹುಡುಗಿಯರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಹೊತ್ತದ್ದೊಂದು ಮಾತ್ರ ನಾನು ಸೇರಿಸಿದ್ದು. ನಿಜಕ್ಕೂ ಅಂಕೋಲೆಯ ಕ್ಯಾಪ್ಟನ್ ಓಡಿ ಬಂದು ನನ್ನ ಬಾಯಿಗೆ ಒಂದಿಡೀ ಲಾಡು ತುರುಕಿದಳು, ಇನ್ನು ಎಣಿಸದಿರಲಿ ಎಂದು.