ನನ್ನ ಬಾಟಲಿಯ ನೀರು

ನನ್ನ ಬಾಟಲಿಯ ನೀರನ್ನು ಯಾರೂ ಕುಡಿಯದ ಮೊದಲ ದಿನ ಮೈದಾನದಲ್ಲಿ ನನಗದು ಗೊತ್ತಾಗಲೇ ಇಲ್ಲ. ನಾನು ಮಾತಾಡುತ್ತಿದ್ದೆ. ಮಾತಾಡುವಾಗ ನನಗೆ ಕಣ್ಣು ಕಾಣುವುದಿಲ್ಲ ಎಂದು ಅವ್ವ ಹೇಳುತ್ತಾಳೆ. ಅದನ್ನು ಅವಳದೇ ದನಿಯಲ್ಲಿ ಹೇಳಿ ತೋರಿಸಿ ಬೈಸಿಕೊಂಡಿದ್ದೇನೆ.

ಯಲಬುರ್ಗಾದ ಕಾಲೇಜು ಮೈದಾನದಲ್ಲಿ ನಾವು ನಾಲ್ವರು ರಿಲೇ ಓಡುವವರು. ನಾಲ್ವರಿಗೂ ಒಂದೇ ಬಾಟಲಿ, ಅದನ್ನು ತರುವ ಕೆಲಸ ನನ್ನದು. ತಂಡದಲ್ಲಿ ನನ್ನ ಓಟಕ್ಕಿಂತ ನನ್ನ ನೀರಿಗೇ ಮರ್ಯಾದೆ ಹೆಚ್ಚು. ಮನೆಯ ಮಣ್ಣಿನ ಹರವಿಯ ನೀರನ್ನು ದೊಡ್ಡ ಬಾಟಲಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ತರುತ್ತಿದ್ದೆ. ಓಡಿ ಬಂದವನು ಕತ್ತೆತ್ತಿ, ತುಟಿಗೆ ತಾಗಿಸದೆ ಗಟಗಟ ಹೊಯ್ದುಕೊಂಡು ಮುಂದಿನವನಿಗೆ ದಾಟಿಸುತ್ತಿದ್ದ. ರಿಲೇ ಕೋಲನ್ನು ದಾಟಿಸುವಾಗ ದಿನವೂ ಬೀಳಿಸುತ್ತಿದ್ದ ನಾವು ಬಾಟಲಿಯನ್ನು ಒಮ್ಮೆಯೂ ಬೀಳಿಸಿದವರಲ್ಲ.

ಆ ಮೊದಲ ದಿನ ಸಂಜೆ ಮನೆಗೆ ಹೋಗಿ ಬಟ್ಟೆ ಬಿಚ್ಚಿ ನೋಡಿದರೆ ಬಾಟಲಿ ತುಂಬಿಯೇ ಇತ್ತು. ಮರುದಿನ ಬಾಯಿ ಮುಚ್ಚಿಕೊಂಡು ಗಮನಿಸಿದೆ. ಮೂವರೂ ತಮ್ಮ ತಮ್ಮ ಬಾಟಲಿ ತಂದಿದ್ದರು.

ನಡೆದದ್ದು ಇಷ್ಟು. ಕೊಪ್ಪಳದಲ್ಲಿ ಜಿಲ್ಲಾ ಕ್ರೀಡಾಕೂಟ ಆಯಿತು. ನೂರು ಮೀಟರ್ ಓಟ ನಾನು ಗೆದ್ದೆ. ಗೆದ್ದದ್ದೇನೂ ತಪ್ಪಲ್ಲ, ತೀರಾ ಗೆದ್ದುಬಿಟ್ಟೆ. ಹಿಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ ಎಲ್ಲರೂ ಓಡಿ ಮುಗಿಸಿ ಬೂಟು ಬಿಚ್ಚುವಾಗ ಗೆರೆ ಮುಟ್ಟಿದವನು ನಾನು. ನನ್ನ ಕಾಲು ಕಂಡವರು ಕಿನ್ನಾಳದ ಮರದ ಗೊಂಬೆ ನೆನೆಯುತ್ತಾರೆ. ಗೊಂಬೆಗಾದರೂ ಬಣ್ಣ ಬಳಿದಿರುತ್ತಾರೆ. ಅಂಥವನು ಗೆರೆ ದಾಟಿ ಹಿಂತಿರುಗಿ ನೋಡಿದರೆ ಉಳಿದವರು ಇನ್ನೂ ಬರುತ್ತಲೇ ಇದ್ದರು. ಮೊದಲು ಕೇಕೆ ಎದ್ದಿತು, ಆಮೇಲೆ ತಟ್ಟನೆ ನಿಂತಿತು. ಗಂಗಾವತಿ ತಂಡದ ತರಬೇತುದಾರರು ಪಕ್ಕದವರಿಗೆ, "ಏಮಪ್ಪಾ, ಏನ್ ಹಾಕ್ಕೊಂಡು ಬಂದಾನ ಇಂವಾ?" ಅಂದದ್ದು ನನಗೂ ಕೇಳಿಸಿತು.

ಅಷ್ಟರಲ್ಲಿ ಮೈಕು ಹಿಡಿದವರು ನನ್ನ ಬಾಯಿಗೆ ಅದನ್ನು ಒಡ್ಡಿ ಕೇಳಿದರು: "ಏನ್ ತಿಂದು ಬಂದೀಯೋ ತಮ್ಮಾ?"

ಸುಮ್ಮನೆ ರೊಟ್ಟಿ ಅಂದಿದ್ದರೆ ಆಗುತ್ತಿತ್ತು. ಆದರೆ ಮೈಕು ಕಂಡರೆ ನನ್ನ ದನಿ ಎಲ್ಲೋ ಜಾರಿಕೊಂಡು ಬೇರೆಯವರು ಬಂದು ಕೂಡುತ್ತಾರೆ. ಅವತ್ತು ಬಂದವನು ಸೋದರಮಾವ. ಇಟಗಿ ಕಡೆಯವನು, ಓಟದ ಶರ್ಯತ್ತಿಗೆ ಎತ್ತು ಸಾಕುವವನು, ಜಲ್ಲಿ ಕಲ್ಲು ಸುರಿದಂಥ ದನಿ.

"ನಮ್ಮ ಎತ್ತಿಗೆ ಹೊಡಸೂ ಇಂಜೆಕ್ಷನ್ನ ಈ ಹುಡುಗಗೂ ಹೊಡಸೇವ್ರೀ! ಮುಂದಿನ ವಾರ ನೊಗಾ ಕಟ್ಟತೀವಿ, ನೋಡಾಕ ಬರ್ರಿ!"

ಇಡೀ ಮೈದಾನ ನಕ್ಕಿತು. ಗಂಗಾವತಿಯವರೂ ಹೊಟ್ಟೆ ಹಿಡಿದುಕೊಂಡರು. ನಾನು ಬಾಗಿ ಕೈಮುಗಿದೆ. ಪದಕ ಕೊರಳಿಗೆ ಬಿದ್ದಾಗ ಆಗದಷ್ಟು ಖುಷಿ ಆ ನಗುವಿಗೆ ಆಯಿತು.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಓಟ, ಅದರ ಬೆನ್ನಿಗೆ ನನ್ನ ಮಾತು, ಅಷ್ಟೇ. ನಗುವ ಭಾಗ ಕತ್ತರಿಸಿ ಹೋಗಿತ್ತು. ಅದರ ಕೆಳಗೆ ಸೂಜಿಯ ಸಣ್ಣ ಸಣ್ಣ ಚಿತ್ರಗಳು. ಕುಷ್ಟಗಿಯ ವಾಟ್ಸಾಪ್ ಗುಂಪಿನಿಂದ ಗಂಗಾವತಿಗೆ, ಅಲ್ಲಿಂದ ನವಲಿಯ ಭತ್ತದ ಗದ್ದೆಗಳ ತನಕ ಅದು ಹೋಯಿತು. ನಗು ಇಲ್ಲದೆ ನೋಡಿದರೆ ನನಗೂ ಅದು ಒಪ್ಪಿಕೊಂಡ ಹಾಗೇ ಕೇಳಿಸಿತು.

ಆ ಓಟ ನನಗೆ ಎಲ್ಲಿಂದ ಬಂತು ಎಂದು ಹೇಳಬೇಕು. ಅದು ಬಂದದ್ದು ನಮ್ಮ ಸರ್ ಅವರಿಂದ. ಕಲಿಸಿದ್ದರಿಂದಲ್ಲ, ಅವರಿಗೊಮ್ಮೆ ಬಸ್ಸು ತಪ್ಪಲಿದ್ದುದರಿಂದ.

ಸರ್ ಅಂದರೆ ನಮಗೆ ಓಟ ಹೇಳಿಕೊಡುವ ದೈಹಿಕ ಶಿಕ್ಷಣದ ಮೇಷ್ಟ್ರು. ನಿವೃತ್ತಿಗೆ ಹತ್ತಿರ. ಕೊರಳಲ್ಲಿ ಸೀಟಿ, ಅಂಗಿಯ ಜೇಬಿನಲ್ಲಿ ಕರಿದಾರ ಕಟ್ಟಿದ ಸ್ಟಾಪ್‌ವಾಚು, ಮೊಣಕಾಲಲ್ಲಿ ನೋವು. ಕಾಲೇಜಿನ ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ಮನುಷ್ಯ. ದಿನವೂ ಕುಷ್ಟಗಿಯಿಂದ ಬಂದು ಹೋಗುತ್ತಾರೆ. ಒಂದು ಸಂಜೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ನಿಂತಿದ್ದೆ. ಕುಷ್ಟಗಿ ಬಸ್ಸು ಹೊರಟುಬಿಟ್ಟಿತ್ತು. ಸರ್ ಎಡಬಗಲಲ್ಲಿ ಚೀಲ ಅವುಚಿಕೊಂಡು ಓಡಿದರು.

ನನ್ನ ಬಾಯಲ್ಲಿದ್ದ ಮಿರ್ಚಿ ಬಾಯಲ್ಲೇ ಉಳಿಯಿತು. ಅವರ ತಲೆ ಅಲ್ಲಾಡಲಿಲ್ಲ. ತುಂಬಿದ ಕೊಡ ಹೊತ್ತಿದ್ದರೂ ಹನಿ ಚೆಲ್ಲುತ್ತಿರಲಿಲ್ಲ. ಪಾದ ನೆಲಕ್ಕೆ ಬೀಳುವ ಮಾತೇ ಇಲ್ಲ, ಕಾದ ಹಂಚಿಗೆ ತಾಗಿದ ಬೆರಳಿನಂತೆ ತಾಗಿದ್ದೇ ಮೇಲೇಳುತ್ತಿತ್ತು. ಗಲ್ಲ ಸಡಿಲವಾಗಿತ್ತು, ಕಣ್ಣು ಮಲಗಿ ಎದ್ದವರ ಹಾಗೆ ಶಾಂತವಾಗಿತ್ತು. ಬಸ್ಸು ಸಿಕ್ಕಿತು. ಹತ್ತುವಾಗ ಮತ್ತೆ ಕಂಬಿ ಹಿಡಿದು "ಯಪ್ಪಾ" ಅಂದರು.

ಒಬ್ಬರ ನಡಿಗೆಯೋ ಕೆಮ್ಮೋ ಸಿಕ್ಕಿದರೆ ಅದನ್ನು ನಾಲ್ಕು ಮಂದಿಗೆ ಆಡಿ ತೋರಿಸುವ ತನಕ ನನಗೆ ಊಟ ಸೇರುವುದಿಲ್ಲ. ಮರುದಿನ ಸರ್ ಹೋದ ಮೇಲೆ ಹುಡುಗರಿಗೆ ತೋರಿಸಿದೆ. ಇಲ್ಲದ ಚೀಲವನ್ನು ಎಡಬಗಲಿಗೆ ಸಿಗಿಸಿ, ಗಲ್ಲ ಸಡಿಲ ಬಿಟ್ಟು ಓಡಿದೆ. ಅವರು ನೆಲಕ್ಕೆ ಬಿದ್ದು ಹೊರಳಾಡಿದರು. ಅವತ್ತಿನಿಂದ ಅದು ದಿನದ ಆಟವಾಯಿತು. ಒಬ್ಬ ಬಾಯಲ್ಲಿ ಪೋಂ ಪೋಂ ಎಂದು ಹಾರ್ನ್ ಹೊಡೆಯುವುದು, "ಲೇ, ಕುಷ್ಟಗಿ ಬಸ್ ಹೊಂಟ್ತಲೇ!" ಎಂದು ಇನ್ನೊಬ್ಬ ಕೂಗುವುದು, ನಾನು ಸರ್ ಆಗಿ ಓಡುವುದು, ಮೂವರೂ ನನ್ನನ್ನು ಹಿಡಿಯಲು ಬೆನ್ನು ಹತ್ತುವುದು. ಅವರ ಕೈಗೆ ನಾನು ಸಿಗುತ್ತಿರಲಿಲ್ಲ. ಆಟದಲ್ಲಿ ಹಿಂದೆ ಬಿದ್ದದ್ದನ್ನು ಯಾರು ನೆನಪಿಡುತ್ತಾರೆ? ನನಗೂ ಅದು ಓಟ ಅನ್ನಿಸಿರಲಿಲ್ಲ, ಅಣಕು ಅನ್ನಿಸಿತ್ತು. ಕೊಪ್ಪಳದಲ್ಲಿ ಗೆರೆಯ ಮೇಲೆ ನಿಂತಾಗ ಧೈರ್ಯಕ್ಕೆಂದು ಅದೇ ಅಣಕು ಹಾಕಿದೆ. ಅದು ನನ್ನನ್ನು ಎಳೆದುಕೊಂಡು ಹೋಯಿತು. ಕೊನೆಯ ಗೆರೆಯ ಬಳಿ ವಾಚಿನ ಮೇಲೇ ಕಣ್ಣಿಟ್ಟಿದ್ದ ಸರ್ ಅದನ್ನು ಕಾಣಲಿಲ್ಲ.

ಬಾಟಲಿಗಳು ಬೇರೆಯಾದ ಮೇಲೆ ರಿಲೇಯಲ್ಲಿ ನನ್ನಿಂದ ಕೋಲು ತೆಗೆದುಕೊಳ್ಳುವ ಹುಡುಗನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ತನ್ನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿಸಿಕೊಂಡ.

"ಅಣಕಿಸಿದರ ಜೋರ ಓಡಾಕ ಬರತೈತೇನಲೇ?"

"ನೀನ ನೋಡೀಯಲ್ಲೋ ದಿನಾ!"

"ಹಂಗಾರ ಚಿರತಿ ಅಣಕಿಸು. ಒಲಿಂಪಿಕ್ಸಿಗೆ ಹೋಗು."

ಮಾತು ಚೆನ್ನಾಗಿತ್ತು. ನಾನೇ ಆಡಬೇಕಾದ ಮಾತು.

ನನ್ನನ್ನು ಮೆಚ್ಚಿ ಮನೆಗೆ ಬಂದವನು ಒಬ್ಬನೇ, ಆ ಸೋದರಮಾವ. ಬಂದವನೇ ಹೆಬ್ಬೆರಳಿನಿಂದ ನನ್ನ ಕಣ್ಣಿನ ರೆಪ್ಪೆ ಎತ್ತಿ, ಎತ್ತಿನ ಕಣ್ಣು ನೋಡುವ ಹಾಗೆ ನೋಡಿದ. ಬೆನ್ನು ತಟ್ಟಿದ.

"ಅಳಿಯಾ, ಖರೇ ಹೇಳು. ಯಾವ ಔಷಧಿ? ನಮ್ಮ ಕರಿ ಎತ್ತು ಈಗೀಗ ಅರ್ಧಕ್ಕ ನಿಂದರತೈತಿ."

"ಮಾವಾ, ನಿನ್ನಾಣಿ, ಏನೂ ಇಲ್ಲೋ."

"ಹೇಳಬ್ಯಾಡ ಬಿಡು. ಇಂಥಾವು ಯಾರೂ ಹೇಳಂಗಿಲ್ಲ, ಗೊತ್ತೈತಿ. ಆದರ ಮಜ್ಜಿಗಿ ಕುಡಿ. ಆ ಔಷಧಿ ಭಾಳ ಉಷ್ಣ." ಆಮೇಲೆ ದನಿ ತಗ್ಗಿಸಿದ. "ಪರೀಕ್ಷಾ ಮಾಡಾಕ ಯಾರರ ಬಂದ್ರ ನನಗ ಫೋನ್ ಹಚ್ಚು. ಉಚ್ಚಿ ನಂದು ಕೊಡತೀನಿ. ನಾ ಬೀಡಿ ಬಿಟ್ಟು ವರ್ಷಾತು."

ಒಳಗಿನಿಂದ ಅವ್ವ ಕೂಗಿದಳು: "ಏ ಯಣ್ಣಾ, ಅವಂಗ ಸೂಜಿ ಅಂದ್ರ ಜೀಂವ ಹೋಗತೈತಿ. ಸಾಲ್ಯಾಗ ಸೂಜಿ ಹಾಕಾಕ ಬಂದಾಗ ನಮ್ಮ ಮೇವಿನ ಬಣವಿ ಒಳಗ ಅಡಗಿ ಕುಂತಿದ್ದ!" ನನ್ನ ಪರವಾಗಿ ಯಾರಾದರೂ ಆಡಿದ ಅತ್ಯಂತ ಗಟ್ಟಿ ಮಾತು ಅದೇ. ಆದರೆ ಅವ್ವನ ಮಾತನ್ನು ಯಾವ ಗುಂಪಿನಲ್ಲಿ ಹಾಕುವುದು?

ಇವೆಲ್ಲ ಹೋಗಲಿ. ಸರ್ ನನಗೆ ವಾಚು ಹಿಡಿಯುವುದನ್ನು ಬಿಟ್ಟರು. ಮೂವರನ್ನು ಗೆರೆಗೆ ಕರೆದು ಸೀಟಿ ಊದಿ ವಾಚು ಒತ್ತುವರು. ನನ್ನ ಸರದಿಗೆ ವಾಚು ಜೇಬಿಗೆ ಹೋಗುತ್ತಿತ್ತು. "ನೀ ಸುಮ್ಮ ಓಡಿ ಬಾ" ಅನ್ನುವರು. ಸೀಟಿಯೂ ಇಲ್ಲದೆ ಓಡಿ ಬಂದರೆ ನೋಡುತ್ತಲೂ ಇರಲಿಲ್ಲ. ಹಿಂದೆ ಅವರು ಬೆಳೆಸಿದ ಒಬ್ಬ ಹುಡುಗ ದೊಡ್ಡ ಕೂಟದಲ್ಲಿ ಮದ್ದು ತಿಂದು ಸಿಕ್ಕಿಬಿದ್ದಿದ್ದನಂತೆ. ಆ ಮಾತನ್ನು ಅವರ ಮುಂದೆ ಯಾರೂ ಎತ್ತುವುದಿಲ್ಲ.

ಒಂದು ಸಂಜೆ ಸರ್ ನೇರವಾಗಿಯೇ ಕೇಳಿದರು. "ಏನರ ತಗೊಂಡೀಯೇನು?"

"ಇಲ್ರೀ ಸರ."

ಅವರು ನನ್ನ ಮುಖವನ್ನೇ ನೋಡಿದರು. "ಇದು ಯಾರ ದನಿ?"

ಚೇಷ್ಟೆಗೆ ಕೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ. "ನಂದ ರೀ ಸರ" ಅಂದೆ. ಅದು ಎಷ್ಟು ಸಣ್ಣಗೆ, ಎಷ್ಟು ಹೊಸದಾಗಿ ಕೇಳಿಸಿತೆಂದರೆ ನನಗೇ ಗುರುತು ಸಿಗಲಿಲ್ಲ.

"ವಿಭಾಗ ಮಟ್ಟದ ಕೂಟಕ್ಕ ನಿನ್ನ ಕರಕೊಂಡು ಹೋಗಬೇಕಂದ್ರ ಖಾತ್ರಿ ಆಗಬೇಕು. ಮಂದಿಗಲ್ಲ, ನನಗ" ಎಂದು ಹೇಳಿ ಚೀಲ ಎತ್ತಿಕೊಂಡು ಹೋದರು.

ಖಾತ್ರಿಯನ್ನು ಎಲ್ಲಿಂದ ತರಲಿ? ಜಿಲ್ಲಾ ಕೂಟದಲ್ಲಿ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಮಾಡಿ ಎಂದು ಕಾಲು ಹಿಡಿದರೂ ಮಾಡುವವರಿಲ್ಲ. ಅನುಮಾನ ಮಾತ್ರ ಊರೂರಿನಲ್ಲೂ ಸಿಗುತ್ತದೆ. ಕೊಪ್ಪಳಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ರಕ್ತ ಪರೀಕ್ಷೆಯ ಅಂಗಡಿಯೊಂದನ್ನು ಹೊಕ್ಕೆ. ಬಿಳಿ ಕೋಟಿನ ಅಕ್ಕ ಒಬ್ಬಳು ಕೂತಿದ್ದಳು.

"ಡೋಪ್ ಟೆಸ್ಟ್ ಮಾಡತೀರೇನ್ರಿ?"

"ಅದಿಲ್ರಿ. ಶುಗರ್ ಐತಿ, ಥೈರಾಯ್ಡ್ ಐತಿ, ಟೈಫಾಯಿಡ್ ಐತಿ, ಡೆಂಗಿ ಐತಿ."

"ಇದ್ದದ್ದರಾಗ ಯಾವುದು ಹತ್ರ ಬರತೈತ್ರಿ?"

"ಯಾವುದಕ್ಕ ಹತ್ರ?"

"ನಾ ಏನೂ ತಗೊಂಡಿಲ್ಲ ಅನ್ನೂದಕ್ಕ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮುಂಜಾನಿಂದ ಏನರ ತಿಂದೀಯೇನಪಾ?"

"ಅದನ್ನ ಎಲ್ಲಾರೂ ಕೇಳಾಕತ್ತಾರಕ್ಕಾ."

ಕೊನೆಗೆ ಶುಗರ್ ಮತ್ತು ರಕ್ತ ಎರಡನ್ನೂ ಮಾಡಿದಳು. ಸೂಜಿ ಕಂಡು ನಾನು ಮುಖ ತಿರುಗಿಸಿ ಕಣ್ಣು ಮುಚ್ಚಿದೆ. ಸೂಜಿಯ ಚಿತ್ರ ಹಾಕಿದವರೆಲ್ಲ ಆಗ ಅಲ್ಲಿರಬೇಕಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಹೊಸಬ. ಪ್ರತಿ ಟಿಕೆಟ್ ಕೊಡುವಾಗಲೂ ಮೂಗಿನಿಂದ ಒಂದು ಸಣ್ಣ ರಾಗ ಎಳೆಯುತ್ತಿದ್ದ, ಚಿಲ್ಲರೆ ಇಲ್ಲದವರಿಗೆ ಇನ್ನೊಂದು ರಾಗ. ಬೇರೆ ದಿನವಾಗಿದ್ದರೆ ನನಗೆ ಹಬ್ಬ. ಕುಕನೂರು ದಾಟುವುದರೊಳಗೆ ಆ ರಾಗ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಪಕ್ಕದ ಸೀಟಿನಲ್ಲಿ ನನ್ನ ಬಾಟಲಿ ಮಾತ್ರ ಇತ್ತು. ಕಿಟಕಿಯ ಕಡೆ ತಿರುಗಿ ಒಮ್ಮೆ ಮೆಲ್ಲಗೆ ಆಡಿದೆ. ನಗುವವರಿಲ್ಲದೆ ಅದು ಬರೀ ಮೂಗು ಕಟ್ಟಿದವನ ಸದ್ದಾಯಿತು. ಆಗ ಅನ್ನಿಸಿತು, ಜನ ಅನುಮಾನಪಡುವುದರಲ್ಲಿ ಅರ್ಧ ಸರಿಯೇ ಇದೆ. ಅದು ನನ್ನ ಓಟ ಅಲ್ಲವಲ್ಲ. ಬಾಯಲ್ಲಿ ಬರುವುದು ನನ್ನ ದನಿಯಲ್ಲ, ಕಾಲಲ್ಲಿ ಬರುವುದು ನನ್ನ ಓಟವಲ್ಲ. ನನ್ನದು ಅಂತ ಇರುವುದು ಈ ನೀರು ಒಂದೇ. ಅದನ್ನೂ ಯಾರೂ ಕುಡಿಯುವುದಿಲ್ಲ.

ಮರುದಿನ ಹುಡುಗರು ಹೋಗುವ ತನಕ ಕಾದು ವರದಿಯನ್ನು ಸರ್ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಶುಗರ್ ಇಲ್ಲ ನಿನಗ. ಛಲೋ ಆತು. ನನಗೈತಿ." ಮಡಚಿ ತಿರುಗಿ ಕೊಟ್ಟರು.

ಚೀಲ ಎತ್ತಿಕೊಳ್ಳಲು ಅವರು ಬಗ್ಗಿದಾಗ ನನಗೆ ಇನ್ನು ಏನೂ ಉಳಿದಿಲ್ಲ ಅನ್ನಿಸಿತು. "ಸರ, ಸಿಟ್ಟಿಗೇಳಬ್ಯಾಡ್ರಿ. ಒಂದು ತೋರಸತೀನಿ."

"ಯಾರದು?"

"ನಿಮ್ಮದು."

ಸುಣ್ಣದ ಗೆರೆಗೆ ಹೋಗಿ ನಿಂತೆ. ಹಾರ್ನ್ ಹೊಡೆಯಲು ಹುಡುಗರಿರಲಿಲ್ಲ. ನಾನೇ ಪೋಂ ಅಂದೆ. ಖಾಲಿ ಮೈದಾನದಲ್ಲಿ ಅದು ಕರು ಕೂಗಿದಂತೆ ಕೇಳಿಸಿತು. ಗಲ್ಲ ಸಡಿಲ ಬಿಟ್ಟೆ, ಎಡಗೈ ಬಗಲಿಗೆ ಸಿಗಿಸಿದೆ, ಓಡಿದೆ. ಗೆರೆ ದಾಟಿ ನಿಂತಾಗ ಸರ್ ಇದ್ದಲ್ಲೇ ಇದ್ದರು. ಚೀಲ ನೆಲದ ಮೇಲೆಯೇ ಇತ್ತು.

"ಅದು... ಕುಷ್ಟಗಿ ಬಸ್ಸಿಂದು?"

"ಹೌದ್ರಿ."

"ನೀ ಅಲ್ಲೇ ಇದ್ದೇನು?"

"ಮಿರ್ಚಿ ತಿನ್ನಾಕತ್ತಿದ್ದೆ."

"ದಿನಾ ಮಾಡತೀಯೇನು ಇದನ್ನ?"

"ನೀವು ಹೋದ ಮ್ಯಾಲ."

ಏಟೋ ನಗುವೋ ಬರಲೆಂದು ಕಾದೆ. ಅವರು ನನ್ನ ಎಡಗೈ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಿದರು. "ಇದನ್ನ ಯಾಕ ಬಗಲಾಗ ಹಾಕ್ಕೊಂಡೀ? ನೋವೈತೇನು?"

"ಚೀಲ ರೀ ಸರ. ನಿಮ್ಮ ಬಗಲಾಗ ಚೀಲ ಇತ್ತು."

"ಕೊಪ್ಪಳದಾಗೂ ಚೀಲ ಹಿಡಕೊಂಡ ಓಡಿದೇನು?"

"ಹೌದ್ರಿ."

ಸರ್ ಆ ಕಡೆ ತಿರುಗಿ ನಿಂತರು. ಅವರ ಭುಜ ಅಲುಗಿತು. ನಗುತ್ತಿದ್ದರೋ ಬೇರೇನೋ, ನನಗೆ ತಿಳಿಯಲಿಲ್ಲ. ಎಲ್ಲರ ಬೆನ್ನನ್ನೂ ಓದಬಲ್ಲೆನೆಂದು ಜಂಭ ಕೊಚ್ಚಿಕೊಂಡವನು ನಾನು. ಈ ಕಡೆ ತಿರುಗಿದಾಗ ಕೈಯಲ್ಲಿ ವಾಚು ಇತ್ತು.

"ಚೀಲ ಇಳಿಸಿ ಓಡು."

ಇಳಿಸಿ ಓಡಿದೆ. ಎಡಗೈಗೆ ಎಲ್ಲಿ ಹೋಗಬೇಕೆಂದೇ ಗೊತ್ತಾಗಲಿಲ್ಲ. ಗಾಳಿಯಲ್ಲಿ ನೊಣ ಓಡಿಸುತ್ತ ಬಂದೆ. ಸರ್ ವಾಚು ನೋಡಿ, "ನಿಧಾನ ಆತು" ಅಂದರು.

"ಮಂದಿ ಖುಷಿ ಪಡತಾರ ಬಿಡ್ರಿ."

ಸರ್ ನಗಲಿಲ್ಲ. "ಮತ್ತ ಓಡು. ಈ ಸಲ ನನ್ನಂಗ ಬ್ಯಾಡ."

ದೂರದಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ಸರ್ ಆ ಕಡೆ ತಿರುಗಲಿಲ್ಲ. ಮೈದಾನದ ಅಂಚಿನಲ್ಲಿ ಒದ್ದೆ ಬಟ್ಟೆ ಸುತ್ತಿದ ನನ್ನ ಬಾಟಲಿ ಒಂದೇ ನಿಂತಿತ್ತು. ಯಾರನ್ನು ಅಣಕಿಸಬೇಕೆಂದು ತಿಳಿಯದೆ ಗೆರೆಯ ಮೇಲೆ ಬೆರಳೂರಿ ಕೂತೆ. ಸರ್ ಸೀಟಿ ಊದಿದರು.