ಹಿಮ್ಮುಖ ಗ್ರಹಕ್ಕಾಗಿ ಗುಮ್ಮಟ ತಿರುಗಿಸಿದವರು

ಬೆಳಕು ಹರಿಯುವ ಹೊತ್ತು. ಗುಡ್ಡದ ಮೇಲೆ ಮ್ಯಾಗ್‌ಪೈ ಹಕ್ಕಿಗಳು ಹಾಡಲು ಶುರುಮಾಡಿವೆ. ನೋಲೀನ್ ಕ್ರೌಸ್ ದೊಡ್ಡ ದೂರದರ್ಶಕದ ಗುಮ್ಮಟ ಮುಚ್ಚುತ್ತಿದ್ದಾರೆ. ಎರಡು ಕದಗಳು ಗರಗರನೆ ಹತ್ತಿರ ಬರುತ್ತವೆ. ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಆದರೂ ಅವರು ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿ, ಕದಗಳು ಕೂಡುವ ಕಡೆ ಕೈಯಾಡಿಸಿ ಬರುತ್ತಾರೆ.

"ಮುಚ್ಚಿದೀನಿ ಮಾರಾಯ್ತಿ, ನೀನಿನ್ನು ಮಲಕ್ಕೋ," ಎಂದು ಮೈಕಿನಲ್ಲಿ ಹೇಳುತ್ತಾರೆ. ಸಿಡ್ನಿಯ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಇಷ್ಟು ಹೊತ್ತು ಇದೇ ದೂರದರ್ಶಕದಿಂದ ನಕ್ಷತ್ರ ನೋಡುತ್ತಿದ್ದ ಸಂಶೋಧಕಿ ಆಕಳಿಸುತ್ತಾ ಥ್ಯಾಂಕ್ಸ್ ಹೇಳುತ್ತಾಳೆ. ಅವಳ ಮುಖವನ್ನು ನೋಲೀನ್ ಇವತ್ತಿನವರೆಗೂ ಕಂಡಿಲ್ಲ.

ಆಸ್ಟ್ರೇಲಿಯಾದ ವಾರಂಬಂಗಲ್ ಬೆಟ್ಟಸಾಲಿನ ಈ ಗುಡ್ಡಕ್ಕೆ ಅವರು ಹರೆಯದಲ್ಲಿ ಬಂದದ್ದು ಅಡುಗೆ ಕೆಲಸಕ್ಕೆ. "ಕುರಿ ಉಣ್ಣೆ ಕತ್ತರಿಸೋರಿಗೆ ಬೇಯಿಸಿ ಹಾಕಿ ಸಾಕಾಗಿತ್ತು. ಇಲ್ಲಿ ಬಂದ್ರೆ ಈ ವಿಜ್ಞಾನಿಗಳೂ ಅಷ್ಟೇ ತಿಂತಿದ್ರು. ಆದ್ರೆ ಏನು ತಿಂದ್ವಿ ಅನ್ನೋದೇ ಇವ್ರಿಗೆ ಗೊತ್ತಾಗ್ತಿರ್ಲಿಲ್ಲ," ಎಂದು ನಗುತ್ತಾರೆ. ಆಮೇಲೆ ದೂರದರ್ಶಕ ನಡೆಸುವುದನ್ನು ಕಲಿತರು. ಸಂಶೋಧಕರು ಹೇಳಿದ ನಕ್ಷತ್ರಕ್ಕೆ ಅದನ್ನು ತಿರುಗಿಸುವುದು, ಮೋಡ, ಗಾಳಿ, ಇಬ್ಬನಿ ಗಮನಿಸುವುದು, ಅಪಾಯ ಕಂಡರೆ ಯಾರ ಮಾತೂ ಕೇಳದೆ ಗುಮ್ಮಟ ಮುಚ್ಚುವುದು ಅವರ ಕೆಲಸ.

ಹಳೆಯ ಮಾತು ತೆಗೆದರೆ ನೋಲೀನ್ ಟಿಬೋರ್ ಸಾಲೈ ಹೆಸರಿಗೇ ಬಂದು ನಿಲ್ಲುತ್ತಾರೆ. ಹಂಗೆರಿಯಿಂದ ಬಂದು ಕ್ಯಾನ್‌ಬೆರಾದಲ್ಲಿ ನೆಲೆಸಿದ ವಿಜ್ಞಾನಿ ಅವರು. ಬೇರೆ ನಕ್ಷತ್ರಗಳ ತೀರ ಹತ್ತಿರದಲ್ಲಿ ಸುತ್ತುವ ದೈತ್ಯ ಗ್ರಹಗಳನ್ನು ಹುಡುಕುವುದೇ ಅವರ ಬದುಕಾಗಿತ್ತು. ಇಂಥ ಗ್ರಹ ದೂರದಲ್ಲಿ ಹುಟ್ಟಿ, ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯೊಳಗೇ ಮೆಲ್ಲಗೆ ಒಳಸರಿಯುತ್ತದೆ, ಆದ್ದರಿಂದ ನಕ್ಷತ್ರ ತಿರುಗುವ ದಿಕ್ಕಿಗೇ ಸುತ್ತುತ್ತದೆ ಎಂಬುದು ಅವರ ವಾದ. ಇಲ್ಲ, ಕೆಲವು ಗ್ರಹಗಳನ್ನು ನೆರೆಯ ಗ್ರಹಗಳು ಎಳೆದಾಡಿ ಅಡ್ಡಾದಿಡ್ಡಿ ದಾರಿಗೆ ನೂಕಿರಬೇಕು ಎಂದವರ ಜೊತೆ ಅವರು ಊಟದ ಮೇಜಿನಲ್ಲೇ ಜಗಳಕ್ಕೆ ಬೀಳುತ್ತಿದ್ದರು.

ಪರೀಕ್ಷಿಸಲು ದಾರಿಯಿತ್ತು. ತಿರುಗುವ ನಕ್ಷತ್ರದ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಅದರ ಬೆಳಕು ತುಸು ನೀಲಿಗೆ ವಾಲುತ್ತದೆ. ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ, ಅದು ಕೆಂಪಿಗೆ. ಗ್ರಹ ಅಡ್ಡ ಹಾಯುವಾಗ ಯಾವ ಅಂಚನ್ನು ಮೊದಲು ಮರೆಮಾಡಿತು ಎಂದು ಗೊತ್ತಾದರೆ ಅದು ಸುತ್ತುವ ದಿಕ್ಕು ಗೊತ್ತಾಗುತ್ತದೆ.

ಒಂದು ಚಳಿಗಾಲದಲ್ಲಿ, ಅಂಥ ಒಂದು ಗ್ರಹ ತನ್ನ ನಕ್ಷತ್ರವನ್ನು ಅಡ್ಡ ಹಾಯುವುದು ಈ ಗುಡ್ಡಕ್ಕೆ ಪೂರ್ತಿಯಾಗಿ ಕಾಣುವುದು ಒಂದೇ ಒಂದು ರಾತ್ರಿ ಎಂದಿತ್ತು. ಹಿಂದಿನ ವರ್ಷಗಳಲ್ಲಿ ಮೋಡ ಅಡ್ಡಬಂದಿತ್ತು. ಈ ಸಲ ಆಕಾಶ ತೊಳೆದಿಟ್ಟಂತಿತ್ತು. ಮುಸ್ಸಂಜೆಗೆ ಗುಮ್ಮಟ ತಿರುಗಿಸುವ ಮೋಟಾರು ಸುಟ್ಟುಹೋಯಿತು.

ನಕ್ಷತ್ರದ ಹಿಂದೆ ದೂರದರ್ಶಕ ತಾನಾಗಿ ತಿರುಗುತ್ತದೆ. ಗುಮ್ಮಟವೂ ಜೊತೆಗೆ ತಿರುಗದಿದ್ದರೆ ಎದುರಿಗೆ ಬರುವುದು ಬರೀ ಗೋಡೆ. ಟಿಬೋರ್ ತಲೆಯ ಮೇಲೆ ಕೈಹೊತ್ತು ಕುಳಿತರು. ನೋಲೀನ್ ಮೂಲೆಯಲ್ಲಿದ್ದ ಕೈಹಿಡಿಕೆಯ ಚಕ್ರಕ್ಕೆ ಹೆಗಲು ಕೊಟ್ಟರು. ಅಡುಗೆಮನೆಯಿಂದ ಅಡುಗೆಯವ ಕ್ಲಾರಿಯನ್ನೂ ಕರೆದರು.

"ಲೋ ಟಿಬೋರ್, ನಿನ್ನ ಗ್ರಹಕ್ಕೆ ನನ್ನ ಸೊಂಟ ಬಲಿ ಕಣೋ!" ಎಂದು ಬೈಯುತ್ತಲೇ ಕ್ಲಾರಿ ಚಕ್ರ ಹಿಡಿದ. ಗ್ರಹ ನಕ್ಷತ್ರವನ್ನು ಪೂರ್ತಿ ದಾಟುವವರೆಗೂ ಇಬ್ಬರೂ ಸರದಿಯಲ್ಲಿ ಗುಮ್ಮಟ ತಿರುಗಿಸಿದರು.

ಬೆಳಿಗ್ಗೆ ಟಿಬೋರ್ ಅಡುಗೆಮನೆಗೆ ಬಂದು ಮೇಜಿನ ಮುಂದೆ ಕುಳಿತರು.

"ಏನಾಯ್ತೋ?" ಎಂದರು ನೋಲೀನ್.

"ಉಲ್ಟಾ ಹೋಗ್ತಿದೆ. ನಕ್ಷತ್ರ ಒಂದು ಕಡೆಗೆ, ಗ್ರಹ ಇನ್ನೊಂದು ಕಡೆಗೆ. ಇಷ್ಟು ವರ್ಷ ನಾನು ಹೇಳಿದ್ದು ತಪ್ಪು."

ಕ್ಲಾರಿ ಹುರಿದ ಮೊಟ್ಟೆ ಮುಂದಿಟ್ಟ. "ತಪ್ಪೋ ಸರಿಯೋ, ತಣ್ಣಗಾಗತ್ತೆ, ತಿನ್ನು."

ಟಿಬೋರ್ ಮುಟ್ಟಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಮೋಡ ಬಂತು ಅಂದ್ಬಿಟ್ರೆ ಯಾರಿಗೆ ಗೊತ್ತಾಗತ್ತೆ, ನೋಲೀನ್?" ಎಂದರು.

"ತಮಾಷೆ ಅನ್ಕೊಂಡೆ. ಮುಖ ನೋಡಿದ್ರೆ ತಮಾಷೆ ಇರ್ಲಿಲ್ಲ," ಎಂದು ನೋಲೀನ್ ನೆನೆಯುತ್ತಾರೆ. "ನಂಗೆ ಸಿಟ್ಟು ಬಂತು. 'ಹಂಗಾದ್ರೆ ನನ್ನ ಭುಜ ಯಾಕೆ ನೋಯ್ತಿದೆ ಹೇಳು! ಮೋಡಕ್ಕೆ ಯಾರಾದ್ರೂ ಗುಮ್ಮಟ ತಿರುಗಿಸ್ತಾರೇನೋ?' ಅಂದೆ."

ಟಿಬೋರ್ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ಮೊಟ್ಟೆ ತಿಂದರು. ಕಂಡದ್ದನ್ನು ಕಂಡಂತೆ ಬರೆದರು. ದೊಡ್ಡ ಸಭೆಯೊಂದರಲ್ಲಿ ಎದ್ದುನಿಂತು, ಸೋತೆ ಎಂದು ಒಪ್ಪಿಕೊಂಡರಂತೆ. ಮರುವರ್ಷ ಹುಡುಗನ ಹುರುಪಿನಲ್ಲಿ ಗುಡ್ಡ ಹತ್ತಿ ಬಂದರು. "ನಡಿ, ಇನ್ನೂ ಉಲ್ಟಾ ಹೋಗೋವು ಎಷ್ಟಿವೆಯೋ ಹುಡುಕೋಣ!" ಎಂದರು. ಸಾಯುವವರೆಗೂ ಅದನ್ನೇ ಮಾಡಿದರು.

ಈಗ ಕ್ಲಾರಿ ಡಬ್ಬೋ ಊರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಊಟದ ಕೋಣೆಗೆ ಬೀಗ ಬಿದ್ದಿದೆ. ಸಂಶೋಧಕರು ಯಾರೂ ಮೇಲೆ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ನೋಲೀನ್ ಅವರಿಗೂ ನಿವೃತ್ತಿ ಹತ್ತಿರವಾಗಿದೆ. ಚಳಿ ಬಿದ್ದರೆ ಬಲಭುಜ ಎತ್ತಲಾಗುವುದಿಲ್ಲ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಅವರು ಕೆಟಲ್ ಒಲೆಯ ಮೇಲಿಟ್ಟರು.

"ನಾನು ಇಳಿದು ಹೋಗೋದ್ರೊಳಗೆ ಒಬ್ರಾದ್ರೂ ಇಲ್ಲಿಗೆ ಬರ್ಲಿ. ಒಬ್ಬ ಮನುಷ್ಯ ತಾನು ತಪ್ಪು ಅಂತ ತಿಳ್ಕೊಂಡು, ಕೂತು ತಿಂಡಿ ತಿನ್ನೋದನ್ನ ನೋಡೋದಿದ್ಯಲ್ಲ... ಅದನ್ನ ಇನ್ನೊಂದ್ಸಲ ನೋಡ್ಬೇಕು."