ಹೊನ್ನವ್ವ ಕೂಡಿಸಿದ ಗಾಲಿಗಳು

ಹೊನ್ನವ್ವ ಸಾಲೋಟಗಿಯ ಕಮ್ಮಾರರ ಮಗಳು. ಏಳೆಂಟು ವರ್ಷದವಳಿರುವಾಗಲೇ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದಳು. ಅವ್ವ ಸುತ್ತಿಗೆ ಬೀಸುತ್ತಿದ್ದಳು, ಅಪ್ಪ ಇಕ್ಕಳ ಹಿಡಿಯುತ್ತಿದ್ದ. ಕುಡಗೋಲಿನ ಬಾಯಿಗೆ ಎಷ್ಟು ಶಾಖ ಬೇಕು, ಗುದ್ದಲಿಗೆ ಎಷ್ಟು ಬೇಕು ಎಂಬುದನ್ನು ಕಬ್ಬಿಣದ ಬಣ್ಣ ನೋಡಿಯೇ ಹೇಳುವಷ್ಟು ಅವಳ ಕಣ್ಣು ಪಳಗಿತ್ತು. ಹದಿನೆಂಟಕ್ಕೆ ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದಳು. ಬಂದ ಮನೆ ಬಡಿಗೇರರದು. ಮಾವ ರಾಚಪ್ಪ ಸುತ್ತಲಿನ ಹಳ್ಳಿಗಳಿಗೆಲ್ಲ ಎತ್ತಿನ ಗಾಡಿ ಮಾಡಿಕೊಡುತ್ತಿದ್ದವನು. ಈ ಮನೆಯ ಹೆಂಗಸರು ಅಂಗಳಕ್ಕೆ ಬಂದರೆ ಒಲೆಗೆ ಹೊಟ್ಟು, ಚಕ್ಕೆ ಆರಿಸಿಕೊಂಡು ಹೋಗುವುದಕ್ಕಷ್ಟೇ. ಹೊನ್ನವ್ವನೂ ಹತ್ತು ವರ್ಷ ಹಾಗೆಯೇ ಚಕ್ಕೆ ಆರಿಸಿದಳು.

ಆ ಹತ್ತು ವರ್ಷಗಳಲ್ಲಿ ಅಂಗಳ ಮಾತ್ರ ಬದಲಾಗಿಹೋಯಿತು. ಕೃಷ್ಣೆಗೆ ಕಟ್ಟೆ ಕಟ್ಟುವ ಕೆಲಸ ಶುರುವಾಗಿತ್ತು. ಕಲ್ಲಿನ ಗುತ್ತಿಗೆ ಹಿಡಿದಿದ್ದ ಬಸಂತರಾಯ ಒಂದು ದಿನ ಲಾರಿಯಲ್ಲಿ ಮುರುಕು ಡಬ್ಬಿಯೊಂದನ್ನು ಹೇರಿಕೊಂಡು ರಾಚಪ್ಪನ ಬಾಗಿಲಿಗೆ ಬಂದ. ಗುಡ್ಡದಿಂದ ಹೊಳೆಯ ದಂಡೆಯವರೆಗೆ ಅವನು ಸಣ್ಣ ಹಳಿ ಹಾಸಿದ್ದ. ಹಳಿಯಿಂದ ಹಳಿಗೆ ಎರಡೇ ಅಡಿ ಅಂತರ. ಅದರ ಮೇಲೆ ಕಲ್ಲು ತುಂಬಿದ ನಾಲ್ಕು ಗಾಲಿಯ ಡಬ್ಬಿಗಳನ್ನು ಆಳುಗಳು ನೂಕಿಕೊಂಡು ಹೋಗುತ್ತಿದ್ದರು. ಎಲ್ಲಿಂದಲೋ ತಂದ ಹಳೆಯ ಡಬ್ಬಿಗಳು ಒಂದೊಂದಾಗಿ ಮುರಿಯತೊಡಗಿದ್ದವು.

ರಾಚಪ್ಪ ಆ ಡಬ್ಬಿಯ ಸುತ್ತ ಒಂದು ದಿನವೆಲ್ಲ ತಿರುಗಿದ. ಕೆಳಗೆ ಮಲಗಿ ನೋಡಿದ, ಗೇಣು ಹಾಕಿದ, ಗಾಲಿ ತಿರುಗಿಸಿದ. ಸಂಜೆಗೆ ಎದ್ದು ಧೂಳು ಝಾಡಿಸಿಕೊಂಡು, "ಸಾವ್ಕಾರ್ರ, ಗಾಡಿಗೆ ದಾರಿ ಇರ್ತೈತಿ, ಇದಕ್ಕ ಹಳಿ ಐತಿ. ಉಳಿದದ್ದೆಲ್ಲಾ ನಮ್ಮ ಕೆಲಸನ. ಮಾಡಿ ಕೊಡ್ತೇನಿ" ಎಂದ.

ಹೀಗೆ ಗಾಡಿ ಮಾಡುವ ಮನೆ ರೈಲಿನ ಡಬ್ಬಿ ಮಾಡುವ ಮನೆಯಾಯಿತು. ಜಾಲಿ ಕಟ್ಟಿಗೆಯ ಚೌಕಟ್ಟು, ಒಳಗೆ ತಗಡು, ಕಲ್ಲು ಸುರಿಯಲು ಒಂದು ಬದಿಗೆ ವಾಲುವ ಮೈ. ಎರಕದ ಗಾಲಿಗಳು ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಆಲಮಟ್ಟಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮುದ್ದೇಬಿಹಾಳ ಸೇರುತ್ತಿದ್ದವು. ಎರಡು ಗಾಲಿ ಕೂಡಿಸುವ ಉಕ್ಕಿನ ಅಚ್ಚು ಕಡೆಯಲು ಮೋದಿನಸಾಬ ಎಂಬ ನಡುವಯಸ್ಸಿನ ಮಿಸ್ತ್ರಿಯನ್ನು ಕರೆಸಿಕೊಂಡರು. ಅವನೊಡನೆ ಒಂದು ಹಳೆಯ ಲೇಥೂ ಬಂತು. ರಾಚಪ್ಪ ಕಟ್ಟಿಗೆ ನೋಡಿದರೆ, ಹೊನ್ನವ್ವನ ಗಂಡ ಪರಪ್ಪ ತಗಡು ಮತ್ತು ಬೋಲ್ಟು ನೋಡಿದ. ೧೯೭೩ರ ಹೊತ್ತಿಗೆ ಅವರ ಅಂಗಳದಿಂದ ಅರವತ್ತು ಡಬ್ಬಿ ಹೊರಬಿದ್ದಿದ್ದವು. ಪ್ರತಿಯೊಂದರ ಹಣೆಯ ಮೇಲೂ ರಾಚಪ್ಪ ಉಳಿಯಿಂದ ತಾನೇ ನಂಬರು ಕೊರೆಯುತ್ತಿದ್ದ.

ಮುಂದಿನ ವರ್ಷ ಬೇಸಿಗೆಗೆ ಮುಂಚೆ ಕೆಟ್ಟ ಸುದ್ದಿ ಬಂತು. ಗುಡ್ಡದ ಕೆಳಗಿನ ತಿರುವಿನಲ್ಲಿ ಡಬ್ಬಿಗಳು ಹಳಿ ಬಿಟ್ಟು ಇಳಿಯತೊಡಗಿದ್ದವು. ಮೊದಲು ಒಂದು, ಆಮೇಲೆ ವಾರಕ್ಕೆ ಎರಡು. ನಾಲ್ವತ್ತೊಂದನೆಯ ನಂಬರಿನ ಡಬ್ಬಿ ತುಂಬಿದ ಕಲ್ಲಿನೊಂದಿಗೆ ಮಗ್ಗುಲಾಗಿ ಬಿದ್ದು, ನೂಕುತ್ತಿದ್ದ ಭೀಮಶ್ಯಾ ಎಂಬ ಆಳಿನ ಕಾಲಿನ ಎರಡು ಬೆರಳು ಹೋದವು. ಬಸಂತರಾಯ ಸಿಟ್ಟಿನವನಲ್ಲ. ಆದರೂ ಆ ಡಬ್ಬಿಯ ಗಾಲಿ-ಅಚ್ಚನ್ನು ಲಾರಿಯಲ್ಲಿ ತಂದು ಅಂಗಳದಲ್ಲಿ ಇಳಿಸಿ, "ರಾಚಪ್ಪಾ, ಇದರ ಕಾರಣ ಸಿಗೂತನಕ ಹೊಸಾ ಡಬ್ಬಿ ಒಯ್ಯೂದಿಲ್ಲ" ಎಂದು ಹೇಳಿ ಹೋದ.

ಅಂಗಳದಲ್ಲಿ ಮಾತು ಬಿಸಿಯಾಯಿತು. ಹಳಿ ಸರಿಯಿಲ್ಲ ಎಂದ ಪರಪ್ಪ. ಕಟ್ಟಿಗೆ ಒಣಗಿ ಚೌಕಟ್ಟು ಸೊಟ್ಟಾಗಿದೆಯೇನೋ ಎಂದ ಮೋದಿನಸಾಬ. ಅಚ್ಚು ಕಡೆದವನ ಕೈ ತಪ್ಪಿರಬೇಕು ಎಂದು ರಾಚಪ್ಪ ಅಂದುಬಿಟ್ಟ. ಮೋದಿನಸಾಬ ಲೇಥಿನ ಪಟ್ಟಾ ಬಿಚ್ಚಿ ಗೂಟಕ್ಕೆ ತೂಗುಹಾಕಿ ಮನೆಗೆ ನಡೆದ. ಎರಡು ದಿನ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಕ್ಕೆ ಆರಿಸಲು ಬಂದ ಹೊನ್ನವ್ವ ಲಾರಿಯಿಂದ ಇಳಿಸಿದ್ದ ಆ ಗಾಲಿ-ಅಚ್ಚಿನ ಮುಂದೆ ನಿಂತಳು. ಅಚ್ಚಿಗೆಲ್ಲ ಕಂದು ತುಕ್ಕು ಹಿಡಿದಿತ್ತು. ಆದರೆ ಒಂದು ಗಾಲಿಯ ಗುಂಬದ, ಎಂದರೆ ಅಚ್ಚು ಹೊಗುವ ನಡುಭಾಗದ ಪಕ್ಕದಲ್ಲಿ, ಹೆಬ್ಬೆರಳಿನಗಲ, ಅಚ್ಚು ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಬುಟ್ಟಿ ಕೆಳಗಿಟ್ಟು ಕುಳಿತಳು. ಅಲ್ಲಿ ಬೆರಳಾಡಿಸಿದಳು. ನುಣುಪಾಗಿತ್ತು. ಇನ್ನೊಂದು ಬದಿಯ ಗಾಲಿಯ ಹತ್ತಿರ ಹಾಗಿರಲಿಲ್ಲ, ಗುಂಬದವರೆಗೂ ತುಕ್ಕೇ.

ಉಣ್ಣುವಾಗ ಗಂಡನಿಗೆ ಹೇಳಿದಳು. ಪರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನನಗ ಹೇಳಿದ್ರ ಏನಾತು, ಅಪ್ಪಗ ಹೇಳು" ಎಂದ.

"ನಾ ಹೇಳಿದ್ರ ಕೇಳ್ತಾರೇನು?"

"ಕೇಳದಿದ್ರ ಬಿಡ್ಲಿ. ಹೇಳು."

ಹೊನ್ನವ್ವ ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಹೋದಳು. ರಾಚಪ್ಪ ಒಬ್ಬನೇ ಬಾಚಿಯ ಅಲಗು ಮಸೆಯುತ್ತಿದ್ದ. "ಮಾವಾರ, ಆ ಗಾಲಿ ಅಚ್ಚಿನ ಮ್ಯಾಲ ಸರದೈತ್ರಿ. ಸರದ ಜಾಗಾ ತಿಕ್ಕಿ ಹೊಳಿಯಾಕತ್ತೈತಿ. ಹಳಿಗೆ ತಕ್ಕ ಗಾಲಿ ಕೂಡವಲ್ದು, ಅದಕ ತಿರುವಿನ್ಯಾಗ ಇಳಿತೈತಿ."

ರಾಚಪ್ಪ ಮಸೆಗಲ್ಲು ಕೆಳಗಿಟ್ಟ. ಸೊಸೆಯತ್ತ ನೋಡಲಿಲ್ಲ, ಎದ್ದು ಹೋಗಿ ಗಾಲಿಯ ಮುಂದೆ ಕುಳಿತ. ಹೊಳೆಯುತ್ತಿದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿದ. ಕೊನೆಗೆ, "ಗಾಲಿ ಥಣ್ಣಗ ಇದ್ದಾಗ ಘಣದಿಂದ ಬಡದು ಕೂಡಿಸಿದ್ದು ನಾವ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಹೊರಿ ಬಿದ್ದು ಬಿದ್ದು ಸಡ್ಲಾಗೇತಿ. ಮೋದಿನಂದೇನು ತಪ್ಪಿಲ್ಲ."

ಅಂದೇ ಅವನು ಮೋದಿನಸಾಬನ ಮನೆಗೆ ನಡೆದುಹೋದ. ಅಲ್ಲಿ ಏನು ಮಾತಾಯಿತೋ ಹೊನ್ನವ್ವನಿಗೆ ತಿಳಿಯದು. ಮರುದಿನ ಇಬ್ಬರೂ ಕೂಡಿಯೇ ಬಂದರು.

"ತಂಗಿ, ತಪ್ಪು ಹುಡುಕಿದಿ. ಈಗ ದಾರಿನೂ ಹೇಳು" ಎಂದ ಮೋದಿನಸಾಬ.

"ಗಾಡಿ ಗಾಲಿಗೆ ಪಟ್ಟಿ ಕಾಸಿ ಕೂಡಸ್ತೀರಲ್ಲ ಕಾಕಾ, ಹಂಗ. ಗಾಲಿ ತೂತು ಒಂದ್ ಕೂದಲದಷ್ಟು ಸಣ್ಣ ಇಡ್ರಿ. ಗಾಲಿ ಕಾಸಿದ್ರ ತೂತು ಹಿಗ್ಗತೈತಿ. ಅಚ್ಚಿಗೆ ಹಾಕಿದ ಮ್ಯಾಲ ಆರಿ ಬಿಗೀತೈತಿ."

"ಇದು ಎರಕದ್ದವ್ವಾ. ಹೆಚ್ಚಿಗೆ ಕಾಸಿದ್ರ ಸೀಳತೈತಿ."

"ಎಷ್ಟು ಕಾಸಬೇಕಂತ ನಾ ಹೇಳ್ತೇನಿ."

ಅತ್ತೆ ಚನ್ನವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಬೆಂಕಿಯ ಮುಂದೆ ಸೊಸೆ ಕೂಡುವುದು ಅವಳಿಗೆ ಸೇರಲಿಲ್ಲ. "ಮಂದಿ ಏನಂದಾರು" ಎಂದಳು. ರಾಚಪ್ಪ ತಿರುಗಿ, "ಮಂದಿ ಡಬ್ಬಿ ನೂಕೂದಿಲ್ಲ ಬಿಡ" ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಗಾಲಿಯ ಸುತ್ತಲೂ ಸಗಣಿಯ ಕುಳ್ಳು ಜೋಡಿಸಿ ಬೆಂಕಿ ಹಾಕಿದರು. ಗಾಲಿಯ ಗುಂಬದ ಮೇಲೆ ಒಂದು ಕಡೆ ಅರದಿಂದ ಉಜ್ಜಿ ಬೆಳ್ಳಗೆ ಮಾಡಿಸಿಕೊಂಡು ಹೊನ್ನವ್ವ ಅದನ್ನೇ ನೋಡುತ್ತ ಕುಳಿತಳು. ಬೆಳ್ಳಗಿದ್ದದ್ದು ಗೋದಿಯ ಬಣ್ಣಕ್ಕೆ ಬಂತು, ಕಂದಾಯಿತು, ನೇರಳೆಯಾಯಿತು. ನವಿಲಿನ ಕೊರಳಿನ ನೀಲಿ ಹತ್ತಿದ್ದೇ, "ಎತ್ರಿ" ಎಂದಳು. ಪರಪ್ಪ ಮತ್ತು ಮೋದಿನಸಾಬ ಇಕ್ಕಳದಿಂದ ಎತ್ತಿ, ನೆಟ್ಟಗೆ ನಿಲ್ಲಿಸಿದ್ದ ಅಚ್ಚಿನ ಮೇಲೆ ಇಳಿಸಿದರು. ಗಾಲಿ ಬೆಣ್ಣೆಯಲ್ಲಿ ಜಾರಿದಂತೆ ಜಾರಿ ಗುರುತಿಗೆ ಬಂದು ನಿಂತಿತು. ಎಲ್ಲರ ಮುಖವೂ ಅರಳಿತು. ಗಾಡಿಗಾಲಿಗೆ ಮಾಡುವ ರೂಢಿಯಂತೆ ಹೊನ್ನವ್ವ ಕೊಡ ಎತ್ತಿ ನೀರು ಸುರಿದಳು.

ಟಪ್ಪೆಂದು ಶಬ್ದವಾಯಿತು. ಗುಂಬದಿಂದ ಅಂಚಿನವರೆಗೆ ಗಾಲಿ ಸೀಳಿತ್ತು.

ಯಾರೂ ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಒಳಗೆ ಹೋಗಿ ಹಿಟ್ಟು ನಾದಿದಳು, ರೊಟ್ಟಿ ಬಡಿದಳು. ಅಪ್ಪ ಸುಲಭಕ್ಕೆ ಒಡೆಯುವಂಥದ್ದನ್ನು ಕಾಸಿದಾಗ ನೀರಿಗೆ ಹಾಕದೆ ಬೂದಿಯಲ್ಲಿ ಹೂಳುತ್ತಿದ್ದದ್ದು ಅವಳಿಗೆ ಹೊಳೆದದ್ದು ಮರುದಿನ ಒಲೆಯ ಬೂದಿ ತೆಗೆಯುವಾಗ. ಕೈಯಲ್ಲಿದ್ದ ಬೂದಿಯ ಬುಟ್ಟಿಯೊಂದಿಗೇ ಅಂಗಳಕ್ಕೆ ಬಂದು, "ಇನ್ನೊಂದು ಗಾಲಿ ಕೊಡ್ರಿ" ಎಂದು ಕೇಳಿದಳು. ಎರಡನೆಯ ಗಾಲಿಯನ್ನು ಹಾಗೆಯೇ ಕಾಸಿ ಅಚ್ಚಿಗೆ ಕೂಡಿಸಿ, ಬಿಸಿ ಬೂದಿಯಲ್ಲಿ ಮುಚ್ಚಿ ಮರುದಿನದವರೆಗೆ ಬಿಟ್ಟರು. ತೆಗೆದಾಗ ಒಂದು ಗೆರೆಯಷ್ಟೂ ಬಿರುಕಿರಲಿಲ್ಲ. ಪರಪ್ಪ ಅದನ್ನು ದೊಡ್ಡ ಘಣದಿಂದ ಹೊಡೆದು ಹೊಡೆದು ಬೆವೆತ. ಗಾಲಿ ಅಲುಗಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅರವತ್ತೂ ಡಬ್ಬಿಗಳ ಗಾಲಿಗಳನ್ನು ಬಿಚ್ಚಿ, ತೂತಿಗಿಂತ ಕೂದಲಷ್ಟು ದಪ್ಪನೆಯ ಹೊಸ ಅಚ್ಚು ಕಡೆದು ಮತ್ತೆ ಕೂಡಿಸಿದರು. ಮೊದಲ ಹತ್ತು ಡಬ್ಬಿಗಳು ಗುಡ್ಡಕ್ಕೆ ಮರಳಿದ ದಿನ ಹೊನ್ನವ್ವ ಗಂಡನೊಡನೆ ತಾನೂ ಹೋದಳು. ಅವಳಿಗೆ ಭೀಮಶ್ಯಾನನ್ನು ನೋಡಬೇಕಿತ್ತು. ಅವನು ಕಾಲಿಗೆ ಅರಿವೆ ಸುತ್ತಿಕೊಂಡು, ನೂಕುವ ಕೆಲಸ ಬಿಟ್ಟು, ತಿರುವಿನಲ್ಲಿ ಬಾವುಟ ಹಿಡಿದು ಕುಳಿತಿದ್ದ.

"ತಪ್ಪು ನಮ್ದಿತ್ತಪ್ಪಾ" ಎಂದಳು ಹೊನ್ನವ್ವ.

"ತಿರುಗಿ ಬೆರಳು ಬರೂದಿಲ್ರಿ ಅಕ್ಕಾರ" ಎಂದ ಅವನು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ. ಡಬ್ಬಿಯ ಗಾಲಿಯತ್ತ ಕೈ ತೋರಿ ಕೇಳಿದ, "ಮತ್ತ ಸರಿಯೂದಿಲ್ಲಂತ ನಮಗ ಹೆಂಗ ಗೊತ್ತಾಗಬೇಕು?"

ಇಬ್ಬರೂ ಡಬ್ಬಿಯ ಪಕ್ಕದಲ್ಲಿ ಕುಳಿತು ಮಾತಾಡಿದರು. ಕೊನೆಗೆ ಗುಂಬದ ಮೇಲಿಂದ ಅಚ್ಚಿನವರೆಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆಯೋಣವೆಂದು ಭೀಮಶ್ಯಾನೇ ಹೇಳಿದ. ಗಾಲಿ ಕೂದಲೆಳೆಯಷ್ಟು ಸರಿದರೂ ಗೆರೆ ಮುರಿದು ಕಾಣುತ್ತದೆ. ಅಂದಿನಿಂದ ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವನು ಕುಂಟುತ್ತ ಸಾಲಿನುದ್ದಕ್ಕೂ ಹೋಗಿ ಒಂದೊಂದೇ ಗೆರೆ ನೋಡುತ್ತಿದ್ದ. ಅವನು ಹೂಂ ಎನ್ನದೆ ಒಂದು ಡಬ್ಬಿಯನ್ನೂ ನೂಕುತ್ತಿರಲಿಲ್ಲ.

ಬಸಂತರಾಯ ಮತ್ತೆ ಡಬ್ಬಿ ಒಯ್ಯತೊಡಗಿದ. ಮುಂದಿನ ನಾಲ್ಕು ವರ್ಷಗಳಲ್ಲಿ ಇನ್ನೂ ಎಂಬತ್ತು ಡಬ್ಬಿಗಳಾದವು. ಬಾಗೇವಾಡಿ, ಸಿಂದಗಿ ಕಡೆಯ ಕಲ್ಲಿನ ಗಣಿಗಳಿಗೂ ಕೆಲವು ಹೋದವು. ಪ್ರತಿ ಗಾಲಿಯ ಶಾಖವನ್ನೂ ಹೊನ್ನವ್ವನೇ ನೋಡಿದಳು. ಹೊರಗಿನವರು ಬಂದು ಮಿಸ್ತ್ರಿ ಎಲ್ಲಿ ಎಂದರೆ ಮೋದಿನಸಾಬ, "ಯಾವ ಮಿಸ್ತ್ರಿ? ಲೇಥಿಂದು ನಾನು, ಬೆಂಕಿದು ಅಕಿ" ಎನ್ನುತ್ತಿದ್ದ. ಚನ್ನವ್ವನೂ ಕ್ರಮೇಣ ಸುಮ್ಮನಾದಳು. ಹೊಗೆಗೆ ಕಣ್ಣು ಕೆಂಪಾದ ದಿನ ಸೊಸೆಗೆ ತಾನೇ ಹರಳೆಣ್ಣೆ ಹಚ್ಚುವಷ್ಟು ಮೆತ್ತಗಾದಳು.

ಎಪ್ಪತ್ತೆಂಟರಲ್ಲಿ ಗುಡ್ಡದ ಮೇಲೆ ದೊಡ್ಡ ಡಂಪರುಗಳು ಬಂದವು. ಹತ್ತು ಡಬ್ಬಿ ಒಯ್ಯುವಷ್ಟು ಕಲ್ಲನ್ನು ಒಂದೇ ಡಂಪರು ಒಯ್ಯುತ್ತಿತ್ತು. ಹಳಿ ಕೀಳುತ್ತೇವೆಂದು ಬಸಂತರಾಯ ಹೇಳಿಕಳಿಸಿದ. ರಾಚಪ್ಪ ಕೇಳಿ ತಲೆಯಾಡಿಸಿದ. ಅವನಿಗೆ ಆಗಲೇ ಎಪ್ಪತ್ತು ದಾಟಿತ್ತು. "ಟ್ರ್ಯಾಕ್ಟರ್ ಬರಾಕತ್ತಾವು. ಅವಕ್ಕ ಟ್ರೇಲರ್ ಬೇಕು. ಅಳತಿ ತಗೊಂಡು ಬರ್ರಿ" ಎಂದು ಮಗನಿಗೆ ಹೇಳಿ ಬಾಚಿಗೆ ಕೈಹಾಕಿದ.

ಹಳಿ ಕೀಳುವ ದಿನ ಹೊನ್ನವ್ವ ಮತ್ತು ಪರಪ್ಪ ಗುಡ್ಡಕ್ಕೆ ಹೋದರು. ಭೀಮಶ್ಯಾ ಈಗ ಹಳಿ ಕೀಳುವ ಗುಂಪಿನ ಮುಖ್ಯಸ್ಥನಾಗಿದ್ದ. ಮೇಲಿನ ತುದಿಯಲ್ಲಿ ಒಂದೇ ಒಂದು ಖಾಲಿ ಡಬ್ಬಿ ಉಳಿದಿತ್ತು.

"ಅಕ್ಕಾರ, ಇದರಾಗ ನೀವು ಯಾವಾಗರೆ ಕುಂತೀರೇನು?" ಎಂದು ಕೇಳಿದ.

ಹೊನ್ನವ್ವ ನಕ್ಕಳು. ಐದುನೂರರ ಮೇಲೆ ಗಾಲಿ ಕೂಡಿಸಿದವಳು ಒಂದು ಸಲವೂ ಕುಳಿತಿರಲಿಲ್ಲ. ಭೀಮಶ್ಯಾ ಒಳಗೆ ಚೀಲ ಹಾಸಿದ. ಅವಳು ಸೀರೆ ಎತ್ತಿಕಟ್ಟಿ ಹತ್ತಿ ಕುಳಿತಳು. ಪರಪ್ಪ ಬ್ರೇಕಿನ ಸಲಾಕೆ ಹಿಡಿದು ಡಬ್ಬಿಯ ಹಿಂದೆ ಹತ್ತಿ ನಿಂತ. ಡಬ್ಬಿ ಮೆಲ್ಲಗೆ ಇಳಿಜಾರು ಹಿಡಿಯಿತು. ಎದುರು ಗಾಳಿ ಮುಖಕ್ಕೆ ಬಡಿಯಿತು. ಬದಿಯಲ್ಲಿ ಬಿಳಿಜೋಳದ ಹೊಲ, ಕೆಳಗೆ ಅಗಲವಾದ ಹೊಳೆ. ತಿರುವು ಬಂದಾಗ ಅವಳು ಗೊತ್ತಿಲ್ಲದೆಯೇ ಅಂಚನ್ನು ಬಿಗಿಯಾಗಿ ಹಿಡಿದಳು. ಗಾಲಿಗಳು ಕಿರ್ರೆಂದು ಒಮ್ಮೆ ಕೂಗಿ, ತಿರುವನ್ನು ಸುತ್ತಿ, ನೇರ ಹಳಿಗೆ ಬಂದವು.

ಕೆಳಗೆ ಬಂದು ನಿಂತ ಮೇಲೂ ಅವಳು ಸ್ವಲ್ಪ ಹೊತ್ತು ಇಳಿಯಲಿಲ್ಲ. ಪರಪ್ಪ ಕೈ ಕೊಟ್ಟಾಗ ಎದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸಂತರಾಯನ ಆಫೀಸಿನ ಮುಂದೆ ನಿಂತಿದ್ದ ಹೊಸ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಗಂಡ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಎತ್ತರ ಅಳೆಯುವಾಗ ಟೇಪಿನ ಒಂದು ತುದಿಯನ್ನು ಅವಳು ಹಿಡಿದು ನಿಂತಳು.